ಚೌಪಾಟಿಯ ನಾಕಾಬಂದಿ

ಹೆಸರು ಸಮೀರ್ ದಿನೇಶ್ ಚೌಧರಿ. ಓದುತ್ತಿರುವುದು ಹೈದರಾಬಾದಿನ ಕಾಲೇಜೊಂದರಲ್ಲಿ. ಊರು ಬೆಂಗಳೂರು. 2008ರ ನವೆಂಬರ್ 26ರ ರಾತ್ರಿ ಮುಂಬೈಗೆ ಸಮುದ್ರದಿಂದ ಬಂದಿಳಿದ ಹತ್ತು ಮಂದಿ ಉಗ್ರರಲ್ಲಿ ಒಬ್ಬನ ಬಳಿ ಇದ್ದ ಗುರುತಿನ ಚೀಟಿ ಹೇಳುತ್ತಿದ್ದದ್ದು ಇಷ್ಟು. ಅಷ್ಟೂ ಸುಳ್ಳು. ಅವನು ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ಫರೀದ್‌ಕೋಟ್ ಹಳ್ಳಿಯ ಅಜ್ಮಲ್ ಕಸಬ್. ಆ ರಾತ್ರಿಯ ದಾಳಿಯ ತನಿಖೆ ನಡೆಸಿದ, ಮುಂದೆ ಮುಂಬೈ ಪೊಲೀಸ್ ಆಯುಕ್ತರೂ ಆದ ರಾಕೇಶ್ ಮಾರಿಯಾ 2020ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಈ ಚೀಟಿಯ ಹಿಂದಿನ ಹೂಟವನ್ನು ಬಿಡಿಸಿ ಹೇಳಿದ್ದಾರೆ. ಕಸಬ್ ಆ ರಾತ್ರಿಯೇ ಸತ್ತಿದ್ದರೆ ಬೆಂಗಳೂರಿನ ಸಮೀರ್ ಚೌಧರಿಯಾಗಿ ಸಾಯುತ್ತಿದ್ದ. ಮರುದಿನ ಬೆಳಗ್ಗೆ ಟಿ.ವಿ. ವಾಹಿನಿಯವರೆಲ್ಲ ಬೆಂಗಳೂರಿಗೆ ಧಾವಿಸಿ, ಆ ವಿಳಾಸ ಹುಡುಕಿ, ನೆರೆಹೊರೆಯವರ ಮುಂದೆ ಮೈಕು ಹಿಡಿಯುತ್ತಿದ್ದರು.

ಹಾಗಾಗಲಿಲ್ಲ. ಕೈಯಲ್ಲಿ ಒಂದು ಲಾಠಿ, ಒಂದು ವಾಕಿಟಾಕಿ ಹೊರತು ಬೇರೇನೂ ಇಲ್ಲದ ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಒಬ್ಬರು ಗಿರ್ಗಾಂವ್ ಚೌಪಾಟಿಯಲ್ಲಿ ಅವನ ಬಂದೂಕಿನ ನಳಿಗೆಯನ್ನು ಹಿಡಿದುಕೊಂಡರು. ಅವರು ತುಕಾರಾಂ ಓಂಬ್ಳೆ. ಪ್ರತಿ ನವೆಂಬರ್‌ನಲ್ಲಿ ಅವರ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ, ಮೊಬೈಲುಗಳಲ್ಲಿ ಹರಿದಾಡುತ್ತದೆ. ಅದರ ಕೆಳಗೆ ಬರೆಯುವುದು ಮಾತ್ರ ಆ ಕೆಲವು ಕ್ಷಣಗಳ ಸಂಗತಿ. ನನಗೆ ಅದು ಸಾಲದು ಅನ್ನಿಸುತ್ತದೆ. ಆ ಕ್ಷಣಗಳ ಹಿಂದೆ ಸೇನೆಯ ಹಸಿರು ಬಟ್ಟೆಯಲ್ಲಿ ಕಳೆದ ವರ್ಷಗಳಿದ್ದವು. ಆಮೇಲೆ ಹದಿನೇಳು ವರ್ಷ ಖಾಕಿಯಲ್ಲಿ ಬೀದಿ ಸುತ್ತಿದ, ರಾತ್ರಿ ಪಾಳಿ ನಿಂತ ದುಡಿಮೆ ಇತ್ತು. ಇವನ್ನು ಬಿಟ್ಟು ಚೌಪಾಟಿಯ ಘಟನೆಯನ್ನಷ್ಟೇ ಹೇಳಿದರೆ ಅದು ಪವಾಡದಂತೆ ಕಾಣುತ್ತದೆ. ಓಂಬ್ಳೆ ಪವಾಡಪುರುಷರಾಗಿರಲಿಲ್ಲ, ಡ್ಯೂಟಿಯ ಮನುಷ್ಯರಾಗಿದ್ದರು.

ಅವರ ಊರು ಕೇಡಂಬೆ. ಸಾತಾರಾ ಜಿಲ್ಲೆಯ ಜಾವಳಿ ತಾಲ್ಲೂಕಿನ ಹಳ್ಳಿ. ಮಹಾಬಳೇಶ್ವರದ ಬೆನ್ನಿಗೆ ಅಂಟಿದ ಈ ಸೀಮೆ ಮಳೆಗಾಲದಲ್ಲಿ ಹಸಿರಿನಲ್ಲಿ ಮುಳುಗಿರುತ್ತದೆ, ಬೇಸಿಗೆಯಲ್ಲಿ ಕಲ್ಲುಬಂಡೆ ತೋರಿಸುತ್ತದೆ. ಅಲ್ಲಿ ಬಿದ್ದ ಮಳೆ ವೆಣ್ಣಾ ನದಿಯಾಗಿ ತಾಲ್ಲೂಕು ಕೇಂದ್ರ ಮೇಢಾದ ಪಕ್ಕ ಹರಿದು, ಸಾತಾರಾದ ಹತ್ತಿರ ಕೃಷ್ಣೆಯನ್ನು ಸೇರಿ, ಕೊನೆಗೆ ನಮ್ಮ ಆಲಮಟ್ಟಿಯ ತನಕ ಬರುತ್ತದೆ. ಇತಿಹಾಸ ಓದಿದವರಿಗೆ ಜಾವಳಿ ಎಂದೊಡನೆ ಪ್ರತಾಪಗಡ ನೆನಪಾಗುತ್ತದೆ. 1659ರಲ್ಲಿ ಬಿಜಾಪುರದಿಂದ ಹೊರಟ ಅಫ್ಜಲ್ ಖಾನ್ ಶಿವಾಜಿಯನ್ನು ಭೇಟಿಯಾದದ್ದು ಆ ಕೋಟೆಯ ಬುಡದಲ್ಲಿ. ಇಳಿಜಾರು ಹೊಲಗಳು ಮನೆಮಂದಿಯ ಹೊಟ್ಟೆಗೆ ಸಾಲದ ಇಂಥ ಘಟ್ಟದೂರುಗಳಿಂದ ಹುಡುಗರು ಹೊರಡುವ ದಾರಿ ಎರಡೇ. ಒಂದು ಮುಂಬೈ, ಇನ್ನೊಂದು ಫೌಜು. ಸಾತಾರಾ ಜಿಲ್ಲೆಯಲ್ಲಿ ಅಪಶಿಂಗೆ ಎಂಬ ಊರಿಗೆ ಜನ ಇಂದಿಗೂ ‘ಮಿಲಿಟರಿ ಅಪಶಿಂಗೆ’ ಎಂದೇ ಹೇಳುತ್ತಾರೆ, ಅಷ್ಟೊಂದು ಮನೆಗಳಿಂದ ಸೈನಿಕರು ಹೋಗಿದ್ದಾರೆ. ನಮ್ಮ ಕೊಡಗನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಓಂಬ್ಳೆ ಈ ಎರಡೂ ದಾರಿ ಹಿಡಿದರು, ಒಂದರ ನಂತರ ಒಂದು. ಮೊದಲು ಸೇನೆಯ ಸಿಗ್ನಲ್ಸ್ ಕೋರ್. ಸುದ್ದಿ ಮುಟ್ಟಿಸುವ ದಳ ಅದು. ತಂತಿ ಎಳೆಯುವುದು, ರೇಡಿಯೊ ಸೆಟ್ಟು ಹೊರುವುದು, ಬಂದ ಸಂದೇಶವನ್ನು ಒಂದಕ್ಷರ ತಪ್ಪದೆ ಮುಂದಕ್ಕೆ ದಾಟಿಸುವುದು ಅಲ್ಲಿಯ ಕಸುಬು. ಸಿನಿಮಾಗಳಲ್ಲಿ ಈ ದಳದವರನ್ನು ಯಾರೂ ನಾಯಕರನ್ನಾಗಿ ತೋರಿಸುವುದಿಲ್ಲ. ಆದರೆ ಸಿಗ್ನಲ್ಸ್‌ನವನೂ ಮೊದಲು ಸೈನಿಕನೇ. ಕವಾಯತು, ರೈಫಲ್ ಅಭ್ಯಾಸ, ಶಸ್ತ್ರವನ್ನು ಬಿಚ್ಚಿ ಒರೆಸಿ ಜೋಡಿಸುವುದು ಅವನಿಗೂ ತಪ್ಪದು. ಬಂದೂಕು ಅವನ ಕೈಗೆ ಅಪರಿಚಿತ ವಸ್ತುವಲ್ಲ.

ಅವರು ನಾಯಕ್ ಹುದ್ದೆಯಲ್ಲಿ, ಅಂದರೆ ತೋಳಿನ ಮೇಲೆ ಎರಡು ಪಟ್ಟಿ ಇರುವಾಗ, ನಿವೃತ್ತರಾದರು. ಸೇನೆ ತನ್ನ ಸಾಮಾನ್ಯ ಸೈನಿಕನನ್ನು ಹರೆಯ ಮುಗಿಯುವ ಹೊತ್ತಿಗೇ ಮನೆಗೆ ಕಳಿಸಿಬಿಡುತ್ತದೆ. ಹದಿನೈದು ವರ್ಷ ಸೇವೆಯಾದರೆ ಪಿಂಚಣಿ ಸಿಗುತ್ತದೆ, ಆದರೆ ಮಕ್ಕಳ ಓದು, ಮದುವೆ, ಮನೆ ಎಲ್ಲವೂ ಮುಂದೆ ಬಾಕಿ ಇರುತ್ತವೆ. ಓಂಬ್ಳೆಯವರಿಗೆ ನಾಲ್ವರು ಹೆಣ್ಣುಮಕ್ಕಳು. ಮಾಜಿ ಸೈನಿಕರು ಎರಡನೆಯ ಕೆಲಸ ಹುಡುಕುವುದು ಹವ್ಯಾಸಕ್ಕಲ್ಲ. ಬೆಂಗಳೂರಿನ ಬ್ಯಾಂಕು, ಎಟಿಎಂ, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನೇರ ಬೆನ್ನಿನ, ಕತ್ತರಿಸಿದ ಮೀಸೆಯ ಎಷ್ಟು ಮಂದಿ ನಿಂತಿಲ್ಲ! ಅವರಲ್ಲಿ ಒಬ್ಬರನ್ನು ಮಾತಿಗೆಳೆದರೆ ಲೇಹ್, ತೇಜಪುರ, ಜೈಸಲ್ಮೇರ್ ಎಲ್ಲ ಹೊರಗೆ ಬರುತ್ತವೆ.

1991ರಲ್ಲಿ ಓಂಬ್ಳೆ ಮುಂಬೈ ಪೊಲೀಸ್ ಸೇರಿದರು. ಸೇರಿದ್ದು ಪೇದೆಯಾಗಿ, ಏಣಿಯ ಕಟ್ಟಕಡೆಯ ಮೆಟ್ಟಿಲಲ್ಲಿ. ಈ ಸಂಗತಿಯನ್ನು ಓದುವವರು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತಾರೆ, ನನಗೆ ಮಾತ್ರ ಇಲ್ಲಿ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ. ಒಮ್ಮೆ ಪಟ್ಟಿ ಗಳಿಸಿ, ಕಿರಿಯರಿಗೆ ಆದೇಶ ಕೊಟ್ಟು ಬಂದ ಮನುಷ್ಯ ಮತ್ತೆ ಹೊಸಬನಂತೆ ಸಾಲಿನಲ್ಲಿ ನಿಂತು, ತನಗಿಂತ ಚಿಕ್ಕವರಿಗೆ ಸೆಲ್ಯೂಟ್ ಹೊಡೆದು, ಕೊಟ್ಟ ಪಾಯಿಂಟಿಗೆ ಹೋಗಿ ನಿಲ್ಲುವುದು ಸುಲಭದ ಮಾತಲ್ಲ. ಎಷ್ಟೋ ಮಾಜಿ ಸೈನಿಕರು ಇಲ್ಲಿಯೇ ಮುರಿದುಬೀಳುತ್ತಾರೆ. ಓಂಬ್ಳೆ ನಿಂತರು; ಮೆಟ್ಟಿಲು ಮೆಟ್ಟಿಲಾಗಿ ಎಎಸ್‌ಐ ತನಕ ಬಂದರು.

ಅವರು ಕಾಲಿಟ್ಟ ಮುಂಬೈ ಯಾವುದು ಎಂಬುದನ್ನೂ ನೆನೆಯಬೇಕು. ಮರುವರ್ಷದ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಗಲಭೆ. 1993ರ ಮಾರ್ಚ್ 12ರಂದು ಸರಣಿ ಸ್ಫೋಟ, ಒಂದೇ ಮಧ್ಯಾಹ್ನ 257 ಸಾವು. 2003ರ ಆಗಸ್ಟ್‌ನಲ್ಲಿ ಗೇಟ್‌ವೇ ಮತ್ತು ಝವೇರಿ ಬಜಾರಿನಲ್ಲಿ ಬಾಂಬು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮರುವರ್ಷ ಜುಲೈ 11ರಂದು ಲೋಕಲ್ ರೈಲುಗಳಲ್ಲಿ ಏಳು ಸ್ಫೋಟ. ಈ ಪ್ರತಿಯೊಂದರಲ್ಲೂ ಕಮಿಷನರ್ ಹೇಳಿಕೆ ಕೊಡುವ ಮೊದಲೇ ಬೀದಿಯಲ್ಲಿ ನಿಂತಿದ್ದು ಪೇದೆಗಳು, ದಫೇದಾರರು. 1991ರಲ್ಲಿ ಪೇದೆಯಾಗಿ ಸೇರಿದವನೊಬ್ಬ 2008ರ ಹೊತ್ತಿಗೆ ಒಂದು ನಗರಕ್ಕೆ ಬರಬಹುದಾದ ಎಲ್ಲ ಕೇಡನ್ನೂ ಹತ್ತಿರದಿಂದ ಕಂಡಿರುತ್ತಿದ್ದ.

ಅವರು ಕೊನೆಗೆ ಇದ್ದದ್ದು ಡಿ.ಬಿ. ಮಾರ್ಗ್ ಠಾಣೆಯಲ್ಲಿ. ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ, ಹಳಬರ ಬಾಯಲ್ಲಿ ಲ್ಯಾಮಿಂಗ್ಟನ್ ರೋಡ್. ರೇಡಿಯೊ, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿಗೆ ಹೆಸರಾದ ಬೀದಿ. ಆ ಸರಹದ್ದಿನಿಂದ ಸ್ವಲ್ಪ ನಡೆದರೆ ಸಮುದ್ರ, ಗಿರ್ಗಾಂವ್ ಚೌಪಾಟಿ. ಸಂಜೆ ಭೇಲ್‌ಪುರಿ ತಿನ್ನುವವರು, ಅನಂತ ಚತುರ್ದಶಿಯಂದು ಗಣಪತಿ ಬಿಡಲು ಬರುವ ಜನಸಾಗರ. ಆ ಮರಳಿನ ಮೇಲೆ ಬಂದೋಬಸ್ತು ಮಾಡಿದ ಪೊಲೀಸರಿಗೆ ಅಲ್ಲಿಯ ಪ್ರತಿ ಸಿಗ್ನಲ್ಲು, ಪ್ರತಿ ಡಿವೈಡರ್ ಕಾಲಿಗೇ ಗೊತ್ತಿರುತ್ತದೆ.

ನಾಕಾಬಂದಿ ಎಂಬ ಕೆಲಸದ ಬಗ್ಗೆ ಎರಡು ಮಾತು. ರಾತ್ರಿ ಊರಿಗೆ ಮರಳುವಾಗ ನಾವೆಲ್ಲ ಅದನ್ನು ಕಿರಿಕಿರಿ ಎಂದುಕೊಂಡವರೇ. ಎರಡು ಬ್ಯಾರಿಕೇಡುಗಳನ್ನು ಓರೆಯಾಗಿ ಇಟ್ಟಿರುತ್ತಾರೆ, ವಾಹನ ನೇರ ನುಗ್ಗದೆ ನಿಧಾನಿಸಲಿ ಎಂದು. ಒಬ್ಬರು ಟಾರ್ಚು ಹಿಡಿದು ಮುಂದೆ, ಇನ್ನೊಬ್ಬರು ಪಕ್ಕದಲ್ಲಿ, ಮತ್ತೊಬ್ಬರು ಸ್ವಲ್ಪ ಹಿಂದೆ. ಚಾಲಕನ ಮುಖ ನೋಡಬೇಕು, ಹಿಂದಿನ ಸೀಟು ನೋಡಬೇಕು, ಕೈಗಳು ಎಲ್ಲಿವೆ ನೋಡಬೇಕು. ಒಳಗಿನ ದೀಪ ಹಾಕಲು ಹೇಳಬೇಕು, ಹೆಡ್‌ಲೈಟ್ ಆರಿಸಲು ಹೇಳಬೇಕು. ಉರಿಯುತ್ತಿದ್ದರೆ ಎದುರಿನವನಿಗೆ ಏನೂ ಕಾಣದು. ನೂರು ಗಾಡಿ ನಿಲ್ಲಿಸಿದರೆ ತೊಂಬತ್ತೊಂಬತ್ತರಲ್ಲಿ ಸಿಗುವುದು ಅವಸರದ ಸಂಸಾರಸ್ಥರು, ನಾಲ್ಕಾರು ಕುಡುಕರು. ಆ ನೂರನೆಯದು ಯಾವಾಗ ಬರುತ್ತದೆ ಎಂದು ತಿಳಿಯದೆ, ಪ್ರತಿಯೊಂದನ್ನೂ ಅದೇ ಎಂಬಂತೆ ನೋಡುತ್ತ ಬೆಳಗಿನ ತನಕ ನಿಲ್ಲುವುದು ಈ ಕೆಲಸ. ಚಳಿ, ಮಳೆ, ಮಂಡಿನೋವು, ಚಹಾ.

ಅಂದು ರಾತ್ರಿ ಕಸಬ್ ಮತ್ತು ಅವನ ಜೊತೆಗಾರ ಅಬು ಇಸ್ಮಾಯಿಲ್ ಮೊದಲು ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ರೈಲಿಗೆ ಕಾದು ಕೂತಿದ್ದ ಜನರ ಮೇಲೆ ಗುಂಡಿನ ಮಳೆಗರೆದರು. ಅಲ್ಲಿಂದ ಕಾಮಾ ಆಸ್ಪತ್ರೆ. ಅದರ ಪಕ್ಕದ ಓಣಿಯಲ್ಲಿ ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥ ಹೇಮಂತ್ ಕರ್ಕರೆ, ಹೆಚ್ಚುವರಿ ಆಯುಕ್ತ ಅಶೋಕ್ ಕಾಮ್ಟೆ, ಇನ್‌ಸ್ಪೆಕ್ಟರ್ ವಿಜಯ್ ಸಾಲಸ್ಕರ್ ಇದ್ದ ಕ್ವಾಲಿಸ್ ಜೀಪು ಎದುರಾಯಿತು. ಮೂವರೂ ಹತರಾದರು. ಜೀಪಿನ ಹಿಂಬದಿಯಲ್ಲಿ ಗಾಯಗೊಂಡು ಹೆಣಗಳ ನಡುವೆ ಉಸಿರು ಬಿಗಿಹಿಡಿದು ಬಿದ್ದಿದ್ದ ಪೊಲೀಸ್ ಅರುಣ್ ಜಾಧವ್ ಅವರನ್ನು ಹೊತ್ತುಕೊಂಡೇ ಇಬ್ಬರೂ ಆ ಜೀಪು ಓಡಿಸಿದರು. ಟೈರು ಕೈಕೊಟ್ಟ ಮೇಲೆ ದಾರಿಯಲ್ಲಿ ಬಂದ ಬೆಳ್ಳಿಬಣ್ಣದ ಸ್ಕೋಡಾ ಕಾರನ್ನು ಕಿತ್ತುಕೊಂಡು ಮರೀನ್ ಡ್ರೈವ್ ಹಿಡಿದರು. ಅವರು ಅತ್ತ ಹೋದದ್ದೇ ತಡ, ಜಾಧವ್ ಜೀಪಿನ ವೈರ್‌ಲೆಸ್ ಎತ್ತಿಕೊಂಡರು.

ಕಂಟ್ರೋಲ್ ರೂಮಿನಿಂದ ಸಂದೇಶ ಹೊರಟಿತು: ಸ್ಕೋಡಾ, ಇಬ್ಬರು, ಆಯುಧಗಳಿವೆ. ಚೌಪಾಟಿಯ ಸಿಗ್ನಲ್ ಬಳಿ ಡಿ.ಬಿ. ಮಾರ್ಗ್ ಠಾಣೆಯವರು ಆಗಲೇ ನಾಕಾಬಂದಿ ಹಾಕಿದ್ದರು. ಓಂಬ್ಳೆಯವರ ವಾಕಿಟಾಕಿಗೂ ಅದು ಬಂತು. ಸುದ್ದಿ ಮುಟ್ಟಿಸುವುದನ್ನೇ ಕಸುಬಾಗಿ ಕಲಿತಿದ್ದ ಮನುಷ್ಯನಿಗೆ ಅಂದು ಆ ಸುದ್ದಿ ಮುಟ್ಟಿತು. ಗಾಯಾಳು ಪೊಲೀಸನೊಬ್ಬನ ನಡುಗುವ ದನಿಯಿಂದ ಹೊರಟು ಕಂಟ್ರೋಲ್ ರೂಮು ದಾಟಿ ರಸ್ತೆಯಲ್ಲಿ ನಿಂತವನ ಕಿವಿ ಸೇರಿದ ಆ ಸಂದೇಶಕ್ಕೆ ಸಿಗಬೇಕಾದ ಶ್ರೇಯ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಅನಿಸಿಕೆ. ಅದು ತಡವಾಗಿದ್ದರೆ ಕಾರು ಚೌಪಾಟಿ ದಾಟಿ ಮಲಬಾರ್ ಹಿಲ್ ಏರುತ್ತಿತ್ತು. ಅಲ್ಲಿರುವುದು ರಾಜ್ಯಪಾಲರ ನಿವಾಸ, ಮುಖ್ಯಮಂತ್ರಿಗಳ ನಿವಾಸ.

ಮಧ್ಯರಾತ್ರಿ ದಾಟಿ ಅರ್ಧ ತಾಸಿನ ಮೇಲಾಗಿತ್ತು. ಕ್ಯಾಲೆಂಡರಿನ ಪ್ರಕಾರ ಅದಾಗಲೇ ನವೆಂಬರ್ 27. ಸ್ಕೋಡಾ ಬ್ಯಾರಿಕೇಡಿಗೆ ಸ್ವಲ್ಪ ದೂರದಲ್ಲೇ ನಿಧಾನಿಸಿತು. ಹೆಡ್‌ಲೈಟ್ ಆರಿಸಿ ಎಂದು ಪೊಲೀಸರು ಕೂಗಿದರು. ಚಕ್ರ ಹಿಡಿದಿದ್ದ ಇಸ್ಮಾಯಿಲ್ ಆರಿಸಲಿಲ್ಲ. ಬದಲಿಗೆ ಗಾಜಿನ ಮೇಲೆ ನೀರು ಚಿಮ್ಮಿಸಿ ವೈಪರ್ ಓಡಿಸಿದ, ಒಳಗಿರುವವರು ಕಾಣದಿರಲಿ ಎಂದು. ಆಮೇಲೆ ಕಾರನ್ನು ಗಕ್ಕನೆ ತಿರುಗಿಸಲು ನೋಡಿದಾಗ ಅದು ಡಿವೈಡರ್‌ಗೆ ಹತ್ತಿ ಸಿಕ್ಕಿಕೊಂಡಿತು. ಪೊಲೀಸರು ಎರಡೂ ಬದಿಯಿಂದ ನುಗ್ಗಿದರು. ಕೆಲವರ ಬಳಿ ರಿವಾಲ್ವರ್, ಹಲವರ ಬಳಿ ಬರೀ ಲಾಠಿ. ಚಾಲಕನ ಕಡೆ ಗುಂಡಿನ ಚಕಮಕಿಯಲ್ಲಿ ಇಸ್ಮಾಯಿಲ್ ಉರುಳಿದ. ಇನ್ನೊಂದು ಬದಿಯ ಬಾಗಿಲಿನಿಂದ ಕಸಬ್ ಹೊರಬಿದ್ದ. ಶರಣಾದನೇನೋ ಎಂದುಕೊಳ್ಳುವಷ್ಟರಲ್ಲಿ ಅವನ ಕೈಗೆ ಎಕೆ-47 ಬಂದಿತ್ತು. ಎದುರಿಗೆ ಇದ್ದವರು ಓಂಬ್ಳೆ.

ಆ ಬಂದೂಕು ಒಮ್ಮೆ ಶುರುವಾದರೆ ನಿಮಿಷಕ್ಕೆ ಆರುನೂರು ಗುಂಡಿನ ವೇಗ. ಮೂವತ್ತು ಗುಂಡಿನ ಮ್ಯಾಗಜಿನ್ ಬರಿದಾಗಲು ಮೂರು ಸೆಕೆಂಡು ಸಾಕು. ಅಷ್ಟರಲ್ಲಿ ನಳಿಗೆ ಅತ್ತಿತ್ತ ಆಡಿದರೆ ಮುಂದಿರುವ ಹತ್ತು ಜನ ನೆಲಕ್ಕೆ. ಹತ್ತಿರ ನಿಂತವನಿಗೆ ಎರಡೇ ಉಪಾಯ: ಪಕ್ಕಕ್ಕೆ ಬಿದ್ದು ಮರೆಯಾಗುವುದು, ಇಲ್ಲವೇ ಆ ನಳಿಗೆ ಬೇರೆಡೆ ತಿರುಗದಂತೆ ಮಾಡುವುದು. ಓಂಬ್ಳೆ ಎರಡೂ ಕೈಯಿಂದ ಅದನ್ನು ಹಿಡಿದು ತಮ್ಮ ಮೈಗೆ ಒತ್ತಿಕೊಂಡರು. ಕಸಬ್ ಕುದುರೆ ಒತ್ತುತ್ತಲೇ ಇದ್ದ. ಗುಂಡುಗಳು ಒಂದರ ಹಿಂದೊಂದು ಅವರ ಹೊಟ್ಟೆ, ಎದೆ ಸೇರಿದವು. ಹಿಡಿತ ಸಡಿಲಲಿಲ್ಲ. ಜೊತೆಗಿದ್ದ ಸಂಜಯ್ ಗೋವಿಲ್ಕರ್ ಅವರಿಗೂ ಗುಂಡು ತಗುಲಿತು. ಉಳಿದವರು ಲಾಠಿಗಳಿಂದ ಬಡಿದು ಕಸಬ್‌ನನ್ನು ಕೆಡವಿದರು. ಓಂಬ್ಳೆಯವರ ಹಿಂದೆ ಇದ್ದ ಸಿಬ್ಬಂದಿ ಬದುಕಿದರು.

ಬಂದೂಕಿನ ಬಾಯಿ ಎತ್ತ ತಿರುಗಿದೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವುದು ಸೇನೆಯಲ್ಲಿ ಮೊದಲ ವಾರ ಕಲಿಸುವ ಪಾಠ. ಕಾರಿನಿಂದ ಇಳಿಯುವವನ ಕೈ ನೋಡು ಎನ್ನುವುದು ಪೊಲೀಸಿನ ಪಾಠ. ಆ ರಾತ್ರಿ ಎರಡೂ ಒಂದೇ ಮೈಯಲ್ಲಿದ್ದವು. ವಿಚಾರ ಮಾಡಲು ಸಮಯವೇ ಇಲ್ಲದಿದ್ದಾಗ ಮನುಷ್ಯ ಮಾಡುವುದು ವರ್ಷಗಟ್ಟಲೆ ಮೈಗೂಡಿಸಿಕೊಂಡದ್ದನ್ನೇ. ಅವರ ಧೈರ್ಯವನ್ನು ಇದು ಕಡಿಮೆ ಮಾಡುತ್ತದೆ ಎಂದು ಯಾರೂ ತಿಳಿಯಬಾರದು. ಪಾಠ ಕಲಿತವರು ಸಾವಿರಾರು ಜನ, ಹಿಡಿದವರು ಒಬ್ಬರು.

ಸಿಕ್ಕದ್ದು ಒಬ್ಬ ಜೀವಂತ ಸಾಕ್ಷಿ. ಬಂದ ಹತ್ತರಲ್ಲಿ ಒಂಬತ್ತು ಮಂದಿ ಸತ್ತರು. 166 ಜನರ ಸಾವಿಗೆ ಉತ್ತರ ಹೇಳಲು ಉಳಿದದ್ದು ಈ ಒಬ್ಬನೇ. ದಾಳಿ ನಡೆಯುತ್ತಿದ್ದಂತೆಯೇ ‘ಡೆಕ್ಕನ್ ಮುಜಾಹಿದೀನ್’ ಎಂಬ ಹೆಸರಿನಲ್ಲಿ ಮಾಧ್ಯಮಗಳಿಗೆ ಇ-ಮೇಲ್ ಬಂದಿತ್ತು, ಇದು ಇಲ್ಲಿಯವರದೇ ಕೆಲಸ ಎಂದು ನಂಬಿಸಲು. ಬೆಂಗಳೂರು, ಹೈದರಾಬಾದಿನ ಹೆಸರಿದ್ದ ಚೀಟಿಗಳೂ ಅದೇ ಹೂಟದ ಭಾಗ. ನಾಯರ್ ಆಸ್ಪತ್ರೆಯ ಮಂಚದ ಮೇಲೆ ಕಸಬ್ ಬಾಯಿ ಬಿಟ್ಟಾಗ ಆ ಹೂಟ ಕುಸಿಯಿತು. ಕರಾಚಿಯಿಂದ ಹೊರಟದ್ದು, ನಡುಗಡಲಲ್ಲಿ ‘ಕುಬೇರ್’ ಎಂಬ ಮೀನುಗಾರಿಕೆ ದೋಣಿ ವಶಪಡಿಸಿಕೊಂಡದ್ದು, ಲಷ್ಕರ್-ಎ-ತಯಬಾ ಉಗ್ರ ಸಂಘಟನೆಯ ತರಬೇತಿ, ಎಲ್ಲ ಒಂದೊಂದಾಗಿ ಹೊರಬಂತು. ಡಿಸೆಂಬರ್‌ನಲ್ಲಿ ಪಾಕಿಸ್ತಾನದ ‘ಡಾನ್’ ಪತ್ರಿಕೆಯೇ ಫರೀದ್‌ಕೋಟ್‌ಗೆ ಹೋಗಿ ಅವನ ತಂದೆಯನ್ನು ಮಾತಾಡಿಸಿತು. 2009ರ ಜನವರಿಯಲ್ಲಿ ಇಸ್ಲಾಮಾಬಾದ್ ಅವನು ತನ್ನ ಪ್ರಜೆ ಎಂದು ಒಪ್ಪಿಕೊಂಡಿತು. ಹಾಗೆ ಹೇಳಿದ ಅಲ್ಲಿನ ರಾಷ್ಟ್ರೀಯ ಭದ್ರತಾ ಸಲಹೆಗಾರರು ಅಂದೇ ಕೆಲಸ ಕಳೆದುಕೊಂಡರು.

ಆಮೇಲಿನದು ನ್ಯಾಯಾಲಯದ ಕೆಲಸ. ಆರ್ಥರ್ ರೋಡ್ ಜೈಲಿನೊಳಗೆ ಕಟ್ಟಿದ ವಿಶೇಷ ನ್ಯಾಯಾಲಯದಲ್ಲಿ ನ್ಯಾಯಾಧೀಶ ಎಂ.ಎಲ್. ತಹಲಿಯಾನಿ ವಿಚಾರಣೆ ನಡೆಸಿದರು. ಕಸಬ್‌ಗೆ ವಕೀಲರನ್ನು ಕೊಡಲಾಯಿತು. 2010ರ ಮೇ 6ರಂದು ಮರಣದಂಡನೆ. ಅದೇ ವಿಚಾರಣೆಯಲ್ಲಿ ಸಾಕ್ಷ್ಯ ಸಾಲದೆಂದು ಇಬ್ಬರು ಭಾರತೀಯ ಆರೋಪಿಗಳ ಬಿಡುಗಡೆ. ಮುಂದೆ ಹೈಕೋರ್ಟು, 2012ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟು ಶಿಕ್ಷೆ ಎತ್ತಿಹಿಡಿದವು. ಆ ವರ್ಷದ ನವೆಂಬರ್ 21ರಂದು ಯರವಡಾ ಜೈಲಿನಲ್ಲಿ ಗಲ್ಲು. ನಾಲ್ಕು ವರ್ಷ ತೆಗೆದುಕೊಂಡಿತೆಂದು ಅಂದು ಹಲವರು ಗೊಣಗಿದರು. ನನಗೆ ಅದು ಹೆಮ್ಮೆಯ ಸಂಗತಿಯಾಗಿ ಕಾಣುತ್ತದೆ. ಓಂಬ್ಳೆಯವರ ಜೊತೆಗಾರರು ತಮ್ಮ ಸಹೋದ್ಯೋಗಿಯ ರಕ್ತ ರಸ್ತೆಯಲ್ಲಿ ಹರಿಯುತ್ತಿದ್ದಾಗಲೂ ಆ ಕೊಲೆಗಾರನನ್ನು ಅಲ್ಲೇ ಮುಗಿಸಲಿಲ್ಲ, ಆಸ್ಪತ್ರೆಗೆ ಕರೆದೊಯ್ದರು. ಹಾಗೆ ಒಪ್ಪಿಸಿದವನನ್ನು ದೇಶ ಕಾನೂನಿನ ಮುಂದೆ ನಿಲ್ಲಿಸಿ, ಪ್ರತಿ ಸಾಕ್ಷಿಯನ್ನೂ ಕೇಳಿ, ತೀರ್ಪು ಬರೆಯಿತು.

ಒಂದು ನೋವನ್ನು ಮುಚ್ಚಿಡಲಾಗದು. ಎಕೆ-47ರ ಮುಂದೆ ಲಾಠಿ ಹಿಡಿದು ನಿಲ್ಲುವ ಗತಿ ಅವರಿಗೆ ಯಾಕೆ ಬಂತು? ದಾಳಿಯ ನಂತರ ಮಹಾರಾಷ್ಟ್ರ ಸರ್ಕಾರ ನೇಮಿಸಿದ ರಾಮ್ ಪ್ರಧಾನ್ ಸಮಿತಿ, ಪೊಲೀಸರ ಶಸ್ತ್ರಾಸ್ತ್ರದ ಕೊರತೆಯನ್ನೂ ಗುಂಡು ಹಾರಿಸುವ ಅಭ್ಯಾಸಕ್ಕೇ ಮದ್ದುಗುಂಡು ಸಾಲದ ಸ್ಥಿತಿಯನ್ನೂ ಎತ್ತಿ ತೋರಿಸಿತು. ‘ಲಾಠಿಯಿಂದಲೇ ಉಗ್ರನನ್ನು ಹಿಡಿದ ವೀರ’ ಎಂದು ಭಾಷಣಗಳಲ್ಲಿ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಲಾಠಿ ಅವರ ಹಿರಿಮೆಯಾದರೆ ವ್ಯವಸ್ಥೆಯ ನಾಚಿಕೆಯೂ ಹೌದು. ದಾಳಿಯ ನಂತರ ರಾಷ್ಟ್ರೀಯ ತನಿಖಾ ದಳ (ಎನ್‌ಐಎ) ಬಂತು, ಮುಂಬೈಗೆ ‘ಫೋರ್ಸ್ ಒನ್’ ಕಮಾಂಡೊ ಪಡೆ ಬಂತು, ಎನ್‌ಎಸ್‌ಜಿ ಕಮಾಂಡೊಗಳ ನೆಲೆಗಳು ಹೆಚ್ಚಿದವು. ಒಳ್ಳೆಯದೇ. ಆದರೆ ಮೊದಲು ಎದುರಾಗುವವನು ಕಮಾಂಡೊ ಅಲ್ಲ, ಆ ಹೊತ್ತಿಗೆ ಆ ರಸ್ತೆಯಲ್ಲಿ ಡ್ಯೂಟಿ ಬಿದ್ದ ಪೊಲೀಸ್. ಅವನಿಗೊಂದು ಗುಂಡು ತಡೆಯುವ ಕವಚ, ವರ್ಷಕ್ಕೆ ನಾಲ್ಕು ಬಾರಿ ಫೈರಿಂಗ್ ಅಭ್ಯಾಸ, ಪಾಳಿ ಮುಗಿದ ಮೇಲೆ ಪೂರ್ತಿ ನಿದ್ದೆ ಸಿಕ್ಕರೆ ಅದು ಓಂಬ್ಳೆಯವರಿಗೆ ಸಲ್ಲಿಸುವ ನಿಜವಾದ ಗೌರವ. ನಮ್ಮ ಕರ್ನಾಟಕದ ಠಾಣೆಗಳಿಗೂ ಈ ಮಾತು ಅನ್ವಯಿಸುತ್ತದೆ.

2009ರ ಗಣರಾಜ್ಯೋತ್ಸವದಂದು ರಾಷ್ಟ್ರಪತಿ ಪ್ರತಿಭಾ ಪಾಟೀಲರಿಂದ ಅಶೋಕ ಚಕ್ರವನ್ನು ಸ್ವೀಕರಿಸಿದ್ದು ಓಂಬ್ಳೆಯವರ ಪತ್ನಿ. ಶಾಂತಿಕಾಲದ ಅತ್ಯುನ್ನತ ಶೌರ್ಯ ಪದಕ ಅದು. ಅದೇ ದಿನ ಅದೇ ಗೌರವ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೂ ಮರಣೋತ್ತರವಾಗಿ ಸಂದಿತು. ಒಬ್ಬರು ತಾಜ್ ಹೋಟೆಲಿನಲ್ಲಿ ಬಿದ್ದ ಎನ್‌ಎಸ್‌ಜಿ ಅಧಿಕಾರಿ, ಇನ್ನೊಬ್ಬರು ರಸ್ತೆಯಲ್ಲಿ ಬಿದ್ದ ಎಎಸ್‌ಐ. ಪದಕದಲ್ಲಿ ಮೇಲು ಕೀಳು ಇರಲಿಲ್ಲ. ಯಲಹಂಕದ ಕಡೆ ಸಂದೀಪರ ಹೆಸರಿನ ರಸ್ತೆಯಲ್ಲಿ ದಿನವೂ ಓಡಾಡುವ ನಾವು ಓಂಬ್ಳೆಯವರ ಹೆಸರನ್ನೂ ಮಕ್ಕಳಿಗೆ ಹೇಳಬೇಕು. ಆ ಸುಳ್ಳು ಚೀಟಿಯಿಂದ ಬೆಂಗಳೂರಿಗೆ ಹತ್ತಬಹುದಾಗಿದ್ದ ಕಳಂಕವನ್ನು ತಡೆದವರು ಅವರು. ನಮ್ಮ ಊರಿಗೆ ಅವರ ಋಣವಿದೆ.

ಚೌಪಾಟಿಯಲ್ಲಿ ಅವರು ಬಿದ್ದ ಜಾಗದ ಬಳಿ ಪ್ರತಿಮೆ ಇದೆ. 2021ರಲ್ಲಿ ಸಂಶೋಧಕರು ಮಹಾರಾಷ್ಟ್ರದಲ್ಲಿ ಕಂಡುಹಿಡಿದ ಹೊಸ ಜಾತಿಯ ಜಿಗಿಯುವ ಜೇಡಕ್ಕೆ ‘ಐಸಿಯಸ್ ತುಕಾರಾಮಿ’ ಎಂದು ಹೆಸರಿಟ್ಟರು. ಈ ಬಗೆಯ ಜೇಡಗಳು ಬಲೆ ನೇಯ್ದು ಕಾಯುವುದಿಲ್ಲ. ಬೇಟೆಯ ಸಮೀಪಕ್ಕೆ ಹೋಗಿ, ನೋಡಿ, ನೆಗೆದು ಹಿಡಿಯುತ್ತವೆ. ಹೆಸರಿಟ್ಟವರಿಗೆ ಓಂಬ್ಳೆ ಅರ್ಥವಾಗಿದ್ದರು.

2025ರಲ್ಲಿ ಮಹಾರಾಷ್ಟ್ರ ಸರ್ಕಾರ ಕೇಡಂಬೆಯಲ್ಲಿ ಸ್ಮಾರಕ ಕಟ್ಟಲು 13 ಕೋಟಿ ರೂಪಾಯಿಗೂ ಹೆಚ್ಚು ಹಣ ಮಂಜೂರು ಮಾಡಿದೆ. ಕಟ್ಟುವವರಲ್ಲಿ ನನ್ನದೊಂದು ಕೋರಿಕೆ. ಕಂಚಿನ ಮೂರ್ತಿ, ಕಾರಂಜಿ ಇರಲಿ. ಅದರ ಜೊತೆಗೆ ಸಿಗ್ನಲ್ಸ್ ದಳದ ನಾಯಕ್ ಓಂಬ್ಳೆಯವರ ಚಿತ್ರಕ್ಕೂ ಜಾಗ ಸಿಗಲಿ, ಬರೀ ಖಾಕಿಯದಕ್ಕಲ್ಲ. ಸೇನೆಗೆ ಸೇರಬೇಕೆಂದಿರುವ ಜಾವಳಿಯ ಹುಡುಗರಿಗೆ ಓಡಲು ಒಂದು ಮೈದಾನ ಮಾಡಲಿ. ನಿವೃತ್ತರಾಗಿ ಬಂದವರಿಗೆ ಎರಡನೆಯ ಕೆಲಸದ ಅರ್ಜಿ ತುಂಬಿಸಿಕೊಡುವ ಒಂದು ಮೇಜು ಅಲ್ಲಿರಲಿ. ಒಂದು ಗೋಡೆಯ ಮೇಲೆ, ಅಂದು ರಾತ್ರಿ ಚೌಪಾಟಿಯ ಬ್ಯಾರಿಕೇಡಿನ ಬಳಿ ಅವರ ಜೊತೆ ನಿಂತಿದ್ದ ಡಿ.ಬಿ. ಮಾರ್ಗ್ ಠಾಣೆಯ ಅಷ್ಟೂ ಸಿಬ್ಬಂದಿಯ ಹೆಸರುಗಳನ್ನು, ಅಧಿಕಾರಿಯಿಂದ ಪೇದೆಯ ತನಕ ಒಂದನ್ನೂ ಬಿಡದೆ, ಕೊರೆಸಲಿ.